ಬೀರ್ ಎಣ್ಣೆ ಅಲ್ವಾ? ಬಾಟ್ಲಿ ಮೇಲಿನ ಹೆಸರು ಬಿಟ್ಟು ಒಳಗೇನಿದೆ ನೋಡೋಣ

ಪ್ರಶ್ನೆ: ನಮ್ದು ಹಾಸನದ ಹತ್ರ. ನನಗೆ ಕುಡಿಯೋ ಅಭ್ಯಾಸ ಇಲ್ಲ. ನಮ್ಮನೆಯವ್ರು ದಿನಾ ಸಾಯಂಕಾಲ ಎರಡು ಸ್ಟ್ರಾಂಗ್ ಬೀರ್ ಕುಡೀತಾರೆ, ಕೇಳಿದ್ರೆ "ಬೀರ್ ಎಣ್ಣೆ ಅಲ್ಲ ಕಣೇ, ಬಾರ್ಲಿ ನೀರು" ಅಂತಾರೆ. ಅತ್ತೆ ಶೀತಕ್ಕೆ ಒಳ್ಳೇದು ಅಂತ ಒಂದು ಕ್ವಾರ್ಟರ್ ಬ್ರಾಂದಿ ಅಲ್ಮೇರಾದಲ್ಲಿ ಇಟ್ಕೊಂಡಿದಾರೆ, ಮಗೂಗೂ ಅರ್ಧ ಚಮಚ ಕೊಡ್ತೀನಿ ಅಂತಾರೆ. ಮೈದುನ ಗೋವಾದಿಂದ ಫೆನಿ ತಂದು ಇದು ನ್ಯಾಚುರಲ್ಲು, ಏನೂ ಆಗಲ್ಲ ಅಂತಾನೆ. ವಿಸ್ಕಿ, ಬ್ರಾಂದಿ, ರಮ್, ವೋಡ್ಕಾ, ವೈನ್ ಇವೆಲ್ಲ ನಿಜವಾಗ್ಲೂ ಬೇರೆ ಬೇರೇನಾ, ಬರೀ ಹೆಸರಾ? ಇನ್ನೊಂದು, ಕ್ರಿಸ್ಮಸ್ ಪ್ಲಮ್ ಕೇಕಿಗೆ ರಮ್ ಹಾಕ್ತಾರಂತಲ್ಲ, ಅದನ್ನ ನಾನು ತಿನ್ಬೋದಾ?

ಉತ್ತರ:

ಮೊದಲು ಬಾರ್ಲಿ ನೀರಿನ ಲೆಕ್ಕ ಮುಗಿಸ್ಬಿಡೋಣ, ನಿಮಗೆ ಎಲ್ಲಕ್ಕಿಂತ ಬೇಕಾಗಿರೋದು ಅದೇ ಅನ್ಸತ್ತೆ. ದೊಡ್ಡ ಬಾಟ್ಲಿ 650 ಎಂಎಲ್. ಸ್ಟ್ರಾಂಗ್ ಬೀರಿನ ಲೇಬಲ್ ತಿರುಗಿಸಿ ನೋಡಿ, ಎಷ್ಟೋ ಬ್ರಾಂಡಲ್ಲಿ ಆಲ್ಕೋಹಾಲ್ 5%ಗಿಂತ ಹೆಚ್ಚು, 8% ಮೀರಲ್ಲ ಅಂತ ಸಣ್ಣಕ್ಷರದಲ್ಲಿ ಇರತ್ತೆ. ನಿಮ್ಮನೆಯವ್ರ ಪರವಾಗಿ ಸ್ವಲ್ಪ ಕಮ್ಮೀನೇ ಹಿಡಿಯೋಣ, 7% ಅಂತ. 650ರಲ್ಲಿ 7% ಅಂದ್ರೆ ಹತ್ರ ಹತ್ರ 45 ಎಂಎಲ್ ಶುದ್ಧ ಆಲ್ಕೋಹಾಲು, ಎರಡು ಬಾಟ್ಲಿಗೆ 91. ಈಗ ಒಂದು ಕ್ವಾರ್ಟರ್ ವಿಸ್ಕಿ ತಗೊಳ್ಳಿ, 180 ಎಂಎಲ್, 42.8%. ಅದರಲ್ಲಿರೋದು 77 ಎಂಎಲ್. ಅಂದ್ರೆ ದಿನಾ ಒಂದು ಕ್ವಾರ್ಟರ್ ಹೊಡೆಯೋ ಪಕ್ಕದ್ಮನೆಯವ್ನನ್ನ ನೋಡಿ "ಪಾಪ, ಕುಡುಕ" ಅಂತ ನಿಮ್ಮನೆಯವ್ರು ಅಂತಿದ್ರೆ, ಅವರು ಅವನಿಗಿಂತ ಜಾಸ್ತೀನೇ ಕುಡೀತಿದಾರೆ. ನೀರು ಜಾಸ್ತಿ ಸೇರಿದೆ, ಹೊಟ್ಟೆ ತುಂಬತ್ತೆ, ಬಾತ್ರೂಮಿಗೆ ನಾಲ್ಕು ಸಲ ಓಡ್ಬೇಕು, ಅಷ್ಟೇ ವ್ಯತ್ಯಾಸ.

ಈ ಲೆಕ್ಕ ಯಾರ್ ಬೇಕಾದ್ರೂ ಮಾಡ್ಬೋದು. ಎಷ್ಟು ಎಂಎಲ್ಲೋ ಅದನ್ನ ಪರ್ಸೆಂಟಿಂದ ಗುಣಿಸಿ ನೂರರಿಂದ ಭಾಗಿಸಿ, ಗ್ರಾಂ ಬೇಕು ಅಂದ್ರೆ ಇನ್ನೊಂದ್ಸಲ 0.79ರಿಂದ ಗುಣಿಸಿ. ಒಂದು ಲಾರ್ಜ್, ಅಂದ್ರೆ 60 ಎಂಎಲ್ ವಿಸ್ಕೀಲಿ 20 ಗ್ರಾಂ, 90 ಎಂಎಲ್ ಟೆಟ್ರಾ ಪ್ಯಾಕಲ್ಲಿ 30 ಗ್ರಾಂ, 150 ಎಂಎಲ್ ಗ್ಲಾಸ್ ವೈನಲ್ಲಿ 15 ಗ್ರಾಂ, ನಿಮ್ಮನೆಯವ್ರ ಎರಡು ಬೀರಲ್ಲಿ 70ಕ್ಕಿಂತ ಮೇಲೆ. ಲಿವರ್ ಇದನ್ನ ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಲೆಕ್ಕದಲ್ಲಿ ಕರಗಿಸ್ತಾ ಹೋಗತ್ತೆ, ಮಜ್ಜಿಗೆ ಕುಡಿದ್ರೂ ಕಾಫಿ ಕುಡಿದ್ರೂ ತಣ್ಣೀರು ಸ್ನಾನ ಮಾಡಿದ್ರೂ ಅದು ಸ್ಪೀಡಾಗಲ್ಲ. ರಾತ್ರಿ ಹತ್ತಕ್ಕೆ ಕುಡಿದು ಮುಗಿಸಿ ಬೆಳಗ್ಗೆ ಐದಕ್ಕೆ ಎದ್ದು ಗಾಡಿ ಹತ್ತಿದ್ರೆ ರಕ್ತದಲ್ಲಿ ಇನ್ನೂ ಸ್ವಲ್ಪ ಇರೋ ಸಾಧ್ಯತೆ ಉಂಟು, ನಮ್ಮಲ್ಲಿ ಡ್ರೈವಿಂಗಿಗೆ ಮಿತಿ ಅಂದ್ರೆ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಅಷ್ಟೇ.

ಇನ್ನು ಬೇರೆ ಬೇರೇನಾ ಅನ್ನೋ ಪ್ರಶ್ನೆ. ನಾನು ಡಿಸ್ಟಿಲರಿ ಲ್ಯಾಬಲ್ಲಿ ವರ್ಷಾನುಗಟ್ಲೆ ಸ್ಯಾಂಪಲ್ ನೋಡ್ಕೊಂಡು ಕೂತವನು, ನನ್ನ ಉತ್ತರ ಸ್ವಲ್ಪ ವಕ್ರವಾಗೇ ಇರತ್ತೆ. ಪ್ರಪಂಚದ ಲೆಕ್ಕದಲ್ಲಿ ಇವು ನಿಜವಾಗ್ಲೂ ಬೇರೆ ಬೇರೆ, ಆದ್ರೆ ನಮ್ಮೂರ ವೈನ್ ಶಾಪಿನ ಕೆಳಗಿನ ಶೆಲ್ಫಲ್ಲಿ ಇರೋವು ಮುಕ್ಕಾಲು ಪಾಲು ಒಂದೇ ತಾಯಿ ಮಕ್ಕಳು. ಎರಡೂ ನಿಜ, ಹೇಗೆ ಅಂತ ಹೇಳ್ತೀನಿ.

ಎಲ್ಲ ಎಣ್ಣೆಗೂ ಬುಡ ಒಂದೇ, ಸಕ್ಕರೆ ಅಂಶ ಮತ್ತು ಯೀಸ್ಟು. ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗು ಬಂದು ಉಬ್ಬತ್ತಲ್ಲ, ಅದೇ ಥರದ ಕೆಲಸ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲು ಮತ್ತು ಗ್ಯಾಸು ಬಿಡತ್ತೆ. ದ್ರಾಕ್ಷಿ ರಸ ಹುದುಗಿದ್ರೆ ವೈನು, ಬಾರ್ಲಿ ಮೊಳಕೆ ಕಟ್ಟಿ ಒಣಗಿಸಿ ಬೇಯಿಸಿದ ನೀರು ಹುದುಗಿದ್ರೆ ಬೀರು, ತೆಂಗಿನ ಹೊಂಬಾಳೆಯಿಂದ ಇಳಿದ ರಸ ಹುದುಗಿದ್ರೆ ಕಳ್ಳು, ಜಪಾನಲ್ಲಿ ಅಕ್ಕಿ ಹುದುಗಿದ್ರೆ ಸಾಕೆ. ಆದ್ರೆ ಯೀಸ್ಟಿಗೂ ಒಂದು ಮಿತಿ ಇದೆ, ಆಲ್ಕೋಹಾಲ್ 14-15% ಆಸುಪಾಸು ಬಂತು ಅಂದ್ರೆ ತಾನು ಮಾಡಿದ ಆಲ್ಕೋಹಾಲಲ್ಲೇ ಬಹುತೇಕ ಸುಸ್ತಾಗಿ ಕೂತ್ಕೊಳ್ಳತ್ತೆ. ಅದಕ್ಕಿಂತ ಖಾರ ಬೇಕು ಅಂದ್ರೆ ಭಟ್ಟಿ ಇಳಿಸ್ಬೇಕು. ಆಲ್ಕೋಹಾಲು ಸುಮಾರು 78 ಡಿಗ್ರಿಗೇ ಕುದಿಯತ್ತೆ, ನೀರಿಗೆ 100 ಬೇಕು, ಹಾಗಾಗಿ ಕಾಯಿಸಿದಾಗ ಮೊದಲು ಏಳೋ ಆವಿಯಲ್ಲಿ ಆಲ್ಕೋಹಾಲೇ ಜಾಸ್ತಿ, ಅದನ್ನ ತಣ್ಣಗೆ ಮಾಡಿ ಹಿಡಿದ್ರೆ ಸ್ಪಿರಿಟ್ಟು. ವೈನನ್ನ ಭಟ್ಟಿ ಇಳಿಸಿದ್ರೆ ಬ್ರಾಂದಿ, ಹಾಪ್ಸ್ (ಬೀರಿಗೆ ಕಹಿ ಕೊಡೋ ಹೂವು) ಹಾಕದ ಬೀರನ್ನ ಇಳಿಸಿ ಮರದ ಪೀಪಾಯಲ್ಲಿ ಮಲಗಿಸಿದ್ರೆ ವಿಸ್ಕಿ, ಕಬ್ಬಿನ ಹಾಲು ಅಥವಾ ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ ಹುದುಗಿಸಿ ಇಳಿಸಿದ್ರೆ ರಮ್ಮು. ಪುಸ್ತಕದ ಪ್ರಕಾರ ಇಷ್ಟೇ ಕತೆ.

ಬೀರ್ ವಿಷ್ಯಕ್ಕೆ ಬಂದ್ರೆ, ನೀರು, ಮಾಲ್ಟ್ ಅಂದ್ರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ, ಹಾಪ್ಸ್ ಅನ್ನೋ ಬಳ್ಳಿಯ ಹೂವು, ಯೀಸ್ಟು, ಇಷ್ಟೇ ಮುಖ್ಯ. ಕಹಿ ಬರೋದು ಹಾಪ್ಸಿಂದ. ನಮ್ಮ ಬಾಟ್ಲಿ ಬೀರುಗಳು ಬಹುಪಾಲು ಲಾಗರ್, ತಣ್ಣಗೆ ನಿಧಾನ ಹುದುಗಿಸಿದ್ದು, ಜತೆಗೆ ಅಕ್ಕಿ, ಮೆಕ್ಕೆಜೋಳ, ಕೆಲವದ್ರಲ್ಲಿ ಸಕ್ಕರೆ ಪಾಕಾನೂ ಸೇರಿಸ್ತಾರೆ, ಸ್ಟ್ರಾಂಗ್ ಅನ್ನೋದಕ್ಕೆ ಆ ಎಕ್ಸ್‌ಟ್ರಾ ಸಕ್ಕರೇನೇ ಮುಖ್ಯ ಕಾರಣ, ಯೀಸ್ಟಿಗೆ ಜಾಸ್ತಿ ಊಟ ಹಾಕಿದ್ರೆ ಜಾಸ್ತಿ ಆಲ್ಕೋಹಾಲು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸಿಗೋ ವೀಟ್ ಬಿಯರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರತ್ತಲ್ಲ, ಜನ ಎಸೆನ್ಸ್ ಹಾಕಿದಾರೆ ಅಂದ್ಕೋತಾರೆ, ಹಾಕಿರಲ್ಲ, ಅದು ಆ ಜಾತಿ ಯೀಸ್ಟು ಹುದುಗಿಸುವಾಗ ತಾನೇ ಹುಟ್ಟಿಸೋ ವಾಸನೆ.

ಇಲ್ಲೊಂದು ತಮಾಷೆ ಹೇಳ್ಲೇಬೇಕು. ಹಳೇ ಬಾರುಗಳಲ್ಲಿ ಬೀರ್ ಬಾಟ್ಲಿನ ತಲೆಕೆಳಗು ಮಾಡಿ, ಬಾಯಿ ನೀರಿನ ಗ್ಲಾಸೊಳಗೆ ಮುಳುಗಿಸಿ "ಗ್ಲಿಸರಿನ್ ತೆಗೀತಿದೀನಿ" ಅಂತ ಹಿಡ್ಕೊಂಡಿರೋರನ್ನ ನೀವು ನೋಡಿಲ್ಲದೇ ಇರ್ಬೋದು, ನಿಮ್ಮನೆಯವ್ರು ಖಂಡಿತ ನೋಡಿರ್ತಾರೆ. ಬಾಟ್ಲಿಯಿಂದ ಏನೋ ಮಂದವಾದ್ದು ಎಳೆ ಎಳೆಯಾಗಿ ನೀರೊಳಗೆ ಇಳಿಯತ್ತೆ, ನೋಡಿದೋರು ಅಬ್ಬಾ ಎಷ್ಟೊಂದು ಕೆಮಿಕಲ್ಲು ಅಂತ ಬಾಯಿ ಬಿಡ್ತಾರೆ. ಇಳಿಯೋದು ಬೀರೇ. ಕರಗಿರೋ ಸಕ್ಕರೆ ಅಂಶದಿಂದ ಅದು ನೀರಿಗಿಂತ ಒಂಚೂರು ಭಾರ, ಹಾಗಾಗಿ ಕೆಳಗೆ ಹೋಗತ್ತೆ. ಯಾವ ಬ್ರೂವರೀನೂ ಗ್ಲಿಸರಿನ್ ಸುರಿಯಲ್ಲ, ಯೀಸ್ಟ್ ಕೆಲಸ ಮಾಡುವಾಗ ತಾನೇ ಒಂಚೂರು ಹುಟ್ಟತ್ತೆ, ವೈನಲ್ಲಿ ಅದಕ್ಕಿಂತ ಜಾಸ್ತಿ ಇರತ್ತೆ. ತಲೆನೋವು ಬರ್ತಿರೋದು ಗ್ಲಿಸರಿನ್ನಿಂದ ಅಲ್ಲ ಮಾರಾಯ್ರೆ, ಎರಡನೇ ಬಾಟ್ಲಿಯಿಂದ.

ವೈನ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಿಮ್ಮನೇಲಿ ಅದರ ಗಲಾಟೆ ಇಲ್ಲ. ಕರಿ ದ್ರಾಕ್ಷಿಯನ್ನ ಸಿಪ್ಪೆ ಸಮೇತ ಹುದುಗಿಸಿದ್ರೆ ರೆಡ್, ರಸ ಮಾತ್ರ ಹುದುಗಿಸಿದ್ರೆ ವೈಟ್, ಸಾಮಾನ್ಯವಾಗಿ 12ರಿಂದ 14%. ನಂದಿಬೆಟ್ಟದ ಬುಡದಲ್ಲಿ ದೊಡ್ಡಬಳ್ಳಾಪುರದ ಕಡೆ ಗ್ರೋವರ್‌ನವರು ಫ್ರೆಂಚ್ ದ್ರಾಕ್ಷಿ ತಳಿ ತಂದು ಬೆಳೆಸಿ ವೈನ್ ಮಾಡಿ ದೇಶಕ್ಕೇ ತೋರಿಸಿದ್ರು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ ಟ್ಯಾಗೂ, ಅಂದ್ರೆ ಈ ಊರಿನದ್ದೇ ಅನ್ನೋ ಕಾನೂನಿನ ಗುರುತೂ ಇದೆ, ಆದ್ರೆ ಅದು ತಿನ್ನೋಕೆ, ಜ್ಯೂಸಿಗೆ ಚೆನ್ನ, ವೈನಾದ್ರೆ ಸಿಹಿ ಥರದ್ದು. ಗೋವಾದಲ್ಲಿ ಅಗ್ಗಕ್ಕೆ ಸಿಗೋ "ಪೋರ್ಟ್ ವೈನು" ಪೋರ್ಚುಗಲ್ಲಿನ ಅಸಲಿ ಪೋರ್ಟ್ ಅಲ್ಲ, ಅಸಲೀಲಿ ಹುದುಗು ಅರ್ಧಕ್ಕೆ ಬಂದಾಗ ದ್ರಾಕ್ಷಿ ಸ್ಪಿರಿಟ್ ಸುರಿದು ಯೀಸ್ಟನ್ನ ನಿಲ್ಲಿಸ್ತಾರೆ, ಸಿಹೀನೂ ಉಳಿಯತ್ತೆ ಆಲ್ಕೋಹಾಲೂ 20%ವರೆಗೆ ಏರತ್ತೆ. ಕೊಡಗಿನ ಹೋಂಮೇಡ್ ವೈನ್ ಅಂತ ರೋಡ್‌ಸೈಡಲ್ಲಿ ಕೊಳ್ತೀರಲ್ಲ, ಅದು ಹಣ್ಣಿನ ಶರಬತ್ತಲ್ಲ, ಲೇಬಲ್ಲಲ್ಲಿ ಪರ್ಸೆಂಟ್ ಇಲ್ಲ ಅಂದ್ರೆ ಎಷ್ಟಿದೆ ಅಂತ ಕೊಟ್ಟೋರಿಗೂ ಗೊತ್ತಿರಲ್ಲ, ಅದನ್ನ ಮಕ್ಕಳಿಗೆ ಟೇಸ್ಟ್ ನೋಡು ಅಂತ ಕೊಡ್ಬೇಡಿ.

ಕಳ್ಳಿನ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ನಮ್ಮ ನೆಲದ್ದು ಅಂತ ಇರೋದೇ ಅದು. ಕರಾವಳೀಲಿ ಮೂರ್ತೆದಾರರು ಬೆಳಗ್ಗೆ ಬೆಳಗ್ಗೆ ಮರ ಹತ್ತಿ ಹೊಂಬಾಳೆ ತುದಿ ತೆಳ್ಳಗೆ ಕೊಯ್ದು ಮಡಕೆ ಕಟ್ಟಿ ಇಳೀತಾರೆ. ಮಡಕೆ ಒಳಗಡೆ ಸುಣ್ಣ ಸವರಿದ್ರೆ ಹುದುಗು ತಡೆಯತ್ತೆ, ಅದು ನೀರಾ, ಮಕ್ಕಳೂ ಕುಡೀಬೋದು. ಸುಣ್ಣ ಇಲ್ಲ ಅಂದ್ರೆ ಮರದ ಮೇಲಿರುವಾಗ್ಲೇ ಗಾಳಿಯಲ್ಲಿರೋ ಯೀಸ್ಟು ಬಂದು ಕೂತು ಕೆಲಸ ಶುರು ಮಾಡ್ಬಿಡತ್ತೆ, ಬೆಳಗ್ಗೆ ಸಿಹಿ, ಮಧ್ಯಾಹ್ನಕ್ಕೆ ನೊರೆ ಮತ್ತು ಹುಳಿ, ಸಾಯಂಕಾಲ ಚುರುಕು, ಇನ್ನೂ ಬಿಟ್ರೆ ವಿನೆಗರ್ರು, ಮಂಗಳೂರಿನ ಕ್ರಿಶ್ಚಿಯನ್ನರ ಅಡುಗೆಗೆ ಹೋಗತ್ತೆ, "ಸಣ್ಣ" ಅನ್ನೋ ಇಡ್ಲಿ ಥರದ ತಿಂಡಿಯ ಹಿಟ್ಟನ್ನ ಉಬ್ಬಿಸೋಕೂ ಕಳ್ಳೇ ಹಾಕ್ತಿದ್ರು. ಚುರುಕು ಅಂದ್ರೂ ಬೀರಿನ ಮಟ್ಟಾನೇ. ಬಯಲುಸೀಮೇಲಿ ಈಚಲು ಮರದ ಸೇಂದಿ ಇತ್ತು, ಈಗ ದಕ್ಷಿಣ ಕನ್ನಡ, ಉಡುಪಿ ಬಿಟ್ರೆ ಉಳಿದ ಕಡೆ ಇಳಿಸೋಕೆ ಪರ್ಮಿಶನ್ ಇಲ್ಲ.

ಈಗ ಅಸಲಿ ವಿಷ್ಯ, ಅತ್ತೆಯವ್ರ ಬ್ರಾಂದಿ.

ಬ್ರಾಂದಿ ಅಂದ್ರೆ ವೈನನ್ನ ಭಟ್ಟಿ ಇಳಿಸಿದ್ದು ಅಂದೆನಲ್ಲ, ಫ್ರಾನ್ಸಿನ ಕೊನ್ಯಾಕ್ ಊರಿನ ಸುತ್ತ ಮಾಡೋ ಕೊನ್ಯಾಕ್ ಹಂಗೇ ಮಾಡಿದ್ದು, ಓಕ್ ಮರದ ಪೀಪಾಯಲ್ಲಿ ಕಮ್ಮಿ ಅಂದ್ರೂ ಎರಡು ವರ್ಷ ಇಟ್ಟಿರ್ತಾರೆ. ಅತ್ತೆ ಅಲ್ಮೇರಾದಲ್ಲಿರೋ ಕ್ವಾರ್ಟರು ಅದಲ್ಲ. ನಮ್ಮಲ್ಲಿ ಹೇಗೆ ಮಾಡ್ತಾರೆ ಅಂದ್ರೆ, ಸಕ್ಕರೆ ಫ್ಯಾಕ್ಟರೀಲಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಅಂಟು ಪಾಕ, ಅದೇ ಕಾಕಂಬಿ, ಮಂಡ್ಯ ಬೆಳಗಾವಿ ಕಡೆ ಬೇಕಾದಷ್ಟು ಸಿಗತ್ತೆ, ಅದನ್ನ ಹುದುಗಿಸಿ ದೊಡ್ಡ ಕಾಲಮ್ಮುಗಳಲ್ಲಿ ಮತ್ತೆ ಮತ್ತೆ ಭಟ್ಟಿ ಇಳಿಸಿ 96% ಮಾಡ್ತಾರೆ. ಈಗೀಗ ಅಕ್ಕಿ ನುಚ್ಚು, ಮೆಕ್ಕೆಜೋಳದಿಂದಲೂ ಜಾಸ್ತಿ ಬರ್ತಿದೆ. ಇದಕ್ಕೆ ಇಎನ್ಎ ಅಂತಾರೆ, ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲು. ನ್ಯೂಟ್ರಲ್ ಅಂದ್ರೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ, ಯಾವುದರಿಂದ ಬಂತು ಅಂತ ನಾಲಿಗೇಲಿ ಹೇಳೋಕಾಗ್ಬಾರ್ದು.

ಟ್ಯಾಂಕರ್ ಗೇಟಿಗೆ ಬಂದ ತಕ್ಷಣ ಸ್ಯಾಂಪಲ್ ಲ್ಯಾಬಿಗೆ ಬರತ್ತೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಸ್ವಲ್ಪ ಹಾಕಿ ಗಡಿಯಾರ ಹಿಡ್ಕೊಂಡು ಕೂರೋದು, ಗುಲಾಬಿ ಬಣ್ಣ ಬೇಗ ಮಾಸಿದ್ರೆ ಒಳಗೆ ಬೇಡದ್ದು ಇದೆ ಅಂತ, ಜಾಸ್ತಿ ಹೊತ್ತು ನಿಂತ್ರೆ ಮಾಲು ಕ್ಲೀನು. ನೀರು ಬೆರೆಸಿ ಅಂಗೈಗೆ ಉಜ್ಜಿ ಮೂಸೋದೂ ಉಂಟು. ಪಾಸಾದ್ರೆ ಬ್ಲೆಂಡಿಂಗ್ ಟ್ಯಾಂಕಿಗೆ. ಅಲ್ಲಿ ಲವಣ ತೆಗೆದ ನೀರು ಸೇರಿಸ್ತಾರೆ, ಸೇರಿಸುವಾಗ ಟ್ಯಾಂಕು ಹೊರಗಡೆಯಿಂದ ಮುಟ್ಟಿದ್ರೇ ಬೆಚ್ಚಗಾಗತ್ತೆ, ಆಲ್ಕೋಹಾಲೂ ನೀರೂ ಬೆರೆಯೋವಾಗ ಶಾಖ ಬಿಡತ್ತೆ, ಇನ್ನೊಂದು ವಿಚಿತ್ರ ಅಂದ್ರೆ ನೂರು ಲೀಟರಿಗೆ ನೂರು ಲೀಟರ್ ಸುರಿದ್ರೆ ಇನ್ನೂರು ಆಗಲ್ಲ, ಒಂದಷ್ಟು ಲೀಟರ್ ಕಮ್ಮಿ ಬರತ್ತೆ. ಆಮೇಲೆ ಬಣ್ಣಕ್ಕೆ ಕ್ಯಾರಮೆಲ್, ಅಂದ್ರೆ ಕರಕಲು ಸಕ್ಕರೆ. ಆಮೇಲೆ ಎಸೆನ್ಸು. ಬ್ರಾಂದಿ ಎಸೆನ್ಸ್ ಹಾಕಿ ಒಂಚೂರು ದ್ರಾಕ್ಷಿ ಸ್ಪಿರಿಟ್ ಸೇರಿಸಿದ್ರೆ ಬ್ರಾಂದಿ, ಪಕ್ಕದ ಟ್ಯಾಂಕಲ್ಲಿ ಅದೇ ಟ್ಯಾಂಕರಿನ ಅದೇ ಮಾಲಿಗೆ ವಿಸ್ಕಿ ಎಸೆನ್ಸು, ಒಂಚೂರು ಮಾಲ್ಟ್ ಸ್ಪಿರಿಟ್ ಸೇರಿಸಿದ್ರೆ ವಿಸ್ಕಿ. ರೇಟ್ ಮೇಲಕ್ಕೆ ಹೋದ ಹಾಗೆ ಮಾಲ್ಟು, ಹೊರಗಿಂದ ತರಿಸಿದ ಸ್ಕಾಚು ಜಾಸ್ತಿ ಬೀಳತ್ತೆ, ಅದನ್ನ ಇಲ್ಲ ಅನ್ನಲ್ಲ. ಕೆಳಗಿನ ಶೆಲ್ಫಲ್ಲಿ ವ್ಯತ್ಯಾಸ ಅಂದ್ರೆ ಎಸೆನ್ಸಿನ ಡಬ್ಬಿ.

ಇದು ಕಲಬೆರಕೆ ಅಲ್ಲ, ಕಾನೂನಿನ ಒಳಗೇ ಇದೆ, ಆರೋಗ್ಯದ ದೃಷ್ಟೀಲಿ ಕೊನ್ಯಾಕಿಗಿಂತ ಕೆಟ್ಟದ್ದೂ ಅಲ್ಲ ಒಳ್ಳೇದೂ ಅಲ್ಲ. ಆದ್ರೆ ಯುರೋಪಿಗೆ ಕಾಕಂಬಿ ವಿಸ್ಕಿ ಕಳಿಸಿ ವಿಸ್ಕಿ ಅಂತ ಮಾರೋಕೆ ಬಿಡಲ್ಲ, ಅವರ ನಿಯಮದಲ್ಲಿ ವಿಸ್ಕಿ ಅಂದ್ರೆ ಧಾನ್ಯದಿಂದಾನೇ ಆಗಿರ್ಬೇಕು, ಮೂರು ವರ್ಷ ಮರದಲ್ಲಿ ಇದ್ದಿರ್ಬೇಕು. ಈ ಲೆಕ್ಕದಲ್ಲಿ ನಮ್ಮ ಅಂಗಡೀಲಿ ಸತ್ಯವಂತ ಯಾರು ಅಂದ್ರೆ ರಮ್ಮು! ಜನ ಲಾರಿ ಡ್ರೈವರ್ ಎಣ್ಣೆ, ಮಿಲಿಟ್ರಿ ಎಣ್ಣೆ ಅಂತ ಮೂಗು ಮುರೀತಾರೆ, ಆದ್ರೆ ರಮ್ ಅನ್ನೋದು ಪ್ರಪಂಚದಲ್ಲೆಲ್ಲ ಕಬ್ಬಿನ ಕಾಕಂಬಿ ಇಲ್ಲಾ ಕಬ್ಬಿನ ಹಾಲಿಂದಾನೇ ಮಾಡೋದು, ಹೆಸರಿಗೂ ಒಳಗಿನ ಮಾಲಿಗೂ ಹೊಂದಿಕೆ ಇರೋದು ಅದೊಂದರಲ್ಲೇ. ಓಲ್ಡ್ ಮಾಂಕ್ 1954ರಿಂದ ಹಂಗೇ ನಡ್ಕೊಂಡು ಬಂದಿದೆ.

ಇನ್ನೊಂದು ಸಾಕ್ಷಿ ಬೇಕು ಅಂದ್ರೆ ವಿಸ್ಕಿ, ಬ್ರಾಂದಿ, ರಮ್ಮು ಮೂರು ಕ್ವಾರ್ಟರ್ ಲೇಬಲ್ ನೋಡಿ, ಸಾಮಾನ್ಯವಾಗಿ ಮೂರರಲ್ಲೂ 42.8% ಅಂತಲೇ ಇರತ್ತೆ. ಈ ವಿಚಿತ್ರ ಪಾಯಿಂಟ್ ಎಂಟು ಎಲ್ಲಿಂದ ಬಂತು ಅಂದ್ರೆ ಬ್ರಿಟಿಷರ ಕಾಲದ ಪ್ರೂಫ್ ಲೆಕ್ಕದಿಂದ. ಅವರ ಪ್ರಕಾರ 100 ಡಿಗ್ರಿ ಪ್ರೂಫ್ ಅಂದ್ರೆ 57.1%, ಅದರಲ್ಲಿ ಮುಕ್ಕಾಲು ಅಂದ್ರೆ 75 ಡಿಗ್ರಿ, ಅದೇ 42.8. ಅವರು ಹೋದ್ರು, ಲೆಕ್ಕ ನಮ್ಮ ಎಕ್ಸೈಸ್ ಪುಸ್ತಕದಲ್ಲಿ ಉಳ್ಕೊಂಡಿದೆ.

ಹಾಗಾದ್ರೆ ಬ್ರಾಂದಿ "ಹೀಟು", ಶೀತಕ್ಕೆ ಒಳ್ಳೇದು ಅನ್ನೋದು? ಅತ್ತೆಯವ್ರಿಗೆ ಬೇಜಾರಾಗ್ದಿರೋ ಹಾಗೆ ಹೇಳಿ. ಆಲ್ಕೋಹಾಲ್ ಕುಡಿದಾಗ ಚರ್ಮದ ಕೆಳಗಿನ ರಕ್ತನಾಳ ಅಗಲ ಆಗತ್ತೆ, ಬಿಸಿ ರಕ್ತ ಮೇಲಕ್ಕೆ ಬರತ್ತೆ, ಮುಖ ಕಿವಿ ಬೆಚ್ಚಗಾಗತ್ತೆ, ಅದೇ ಹೊತ್ತಲ್ಲಿ ಮೈ ಒಳಗಿನ ಶಾಖ ಹೊರಗೆ ಸೋರ್ತಿರತ್ತೆ. ಬೆಚ್ಚಗಾದಂಗೆ ಅನ್ಸತ್ತೆ, ಆಗಲ್ಲ. ಇದು ವಿಸ್ಕೀಲೂ ಅಷ್ಟೇ ವೋಡ್ಕಾದಲ್ಲೂ ಅಷ್ಟೇ, ಬ್ರಾಂದಿಗೆ ಅಂತ ಸ್ಪೆಷಲ್ ಗುಣ ಏನೂ ಇಲ್ಲ. ಶೀತದ ಮಾತ್ರೆ ನುಂಗಿ ಮೇಲೆ ಬ್ರಾಂದಿ ಕುಡಿಯೋದಂತೂ ಬೇಡವೇ ಬೇಡ, ನಿದ್ದೆ ತರಿಸೋ ಮಾತ್ರೆ ಆಗಿದ್ರೆ ಎರಡೂ ಸೇರಿ ತೂಕಡಿಕೆ ಜಾಸ್ತಿ, ಪ್ಯಾರಾಸಿಟಮಾಲ್ ಆಗಿದ್ರೆ ದಿನಾ ಕುಡಿಯೋರ ಲಿವರಿಗೆ ಏಟು. ಬಿಸಿ ನೀರು, ಶುಂಠಿ ಮೆಣಸಿನ ಕಷಾಯ, ಹಬೆ, ಅಷ್ಟು ಸಾಕು.

ಮಗು ವಿಷ್ಯದಲ್ಲಿ ಮಾತ್ರ ಬೇಜಾರಾದ್ರೂ ಪರ್ವಾಗಿಲ್ಲ, ಖಡಾಖಂಡಿತ ಬೇಡ ಅನ್ನಿ. ಅರ್ಧ ಚಮಚಾನೂ ಬೇಡ, ಎದೆಗೆ ಹಚ್ಚೋದೂ ಬೇಡ. ಚಿಕ್ಕ ಮಕ್ಕಳಲ್ಲಿ ಆಲ್ಕೋಹಾಲು ರಕ್ತದ ಸಕ್ಕರೆನ ದಿಢೀರಂತ ಇಳಿಸ್ಬಿಡತ್ತೆ, ಫಿಟ್ಸ್ ಬರೋ ಅಪಾಯ ಇದೆ. "ನಾವೆಲ್ಲ ಕೊಟ್ಟೇ ಸಾಕಿದ್ದು" ಅಂತಾರೆ, ಅನ್ಲಿ, ಬಾಟ್ಲಿನ ಮೇಲಿನ ಶೆಲ್ಫಿಗಿಟ್ಟು ಬೀಗ ಹಾಕಿ.

ವಿಸ್ಕೀಲಿ ಅಸಲಿ ಮಾಲ್ಟ್ ಅಂದ್ರೆ ಏನು ಅನ್ನೋಕೆ ಸ್ಕಾಟ್ಲೆಂಡಿಗೇ ಹೋಗ್ಬೇಕಾಗಿಲ್ಲ, ಮೈಸೂರು ರೋಡಲ್ಲಿ ಕುಂಬಳಗೋಡು ಸಾಕು. ಅಮೃತ್ ಡಿಸ್ಟಿಲರೀಸ್ 1948ರಲ್ಲಿ ಶುರುವಾದ ಕಂಪನಿ, 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನ ಮೊದಲು ಇಲ್ಲಿ ಅಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದ್ರು, ವಿಸ್ಕಿ ಹುಟ್ಟಿದೂರಲ್ಲೇ ಹೋಗಿ ವಿಸ್ಕಿ ಮಾರೋ ಧೈರ್ಯ ನೋಡಿ. ಸಿಂಗಲ್ ಮಾಲ್ಟ್ ಅಂದ್ರೆ ಬರೀ ಮೊಳಕೆ ಬಾರ್ಲಿ, ಒಂದೇ ಡಿಸ್ಟಿಲರೀದು. ಪೀಪಾಯಲ್ಲಿ ಮಲಗಿರುವಾಗ ಮರದ ಸೂಕ್ಷ್ಮ ರಂಧ್ರದಿಂದ ಸ್ಪಿರಿಟ್ ಆವಿಯಾಗಿ ಹೋಗ್ತಾ ಇರತ್ತೆ, ಅದಕ್ಕೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಲ್ಲಿ ಅದು ವರ್ಷಕ್ಕೆ ಸುಮಾರು 2%, ಬೆಂಗಳೂರಿನ ಹವಾದಲ್ಲಿ 10-12%. ನಮ್ಮ ದೇವತೆಗಳಿಗೆ ದಾಹ ಜಾಸ್ತಿ. ಹತ್ತು ವರ್ಷ ಇಟ್ರೆ ಪೀಪಾಯಲ್ಲಿ ಮೂರನೇ ಒಂದು ಭಾಗಾನೂ ಉಳಿಯೋದು ಕಷ್ಟ, ಆದ್ರೆ ಅದೇ ಬಿಸಿಲಿಗೆ ಮರದ ಸಾರಾನೂ ಬೇಗ ಇಳಿಯತ್ತೆ, ಅದಕ್ಕೇ ಇಲ್ಲಿ ನಾಲ್ಕೈದು ವರ್ಷಕ್ಕೇ ಮಾಲು ಪಕ್ವ. "12 ಇಯರ್ಸ್" ಅಂತ ಬರ್ದಿದ್ರೆ ಮಾತ್ರ ಒಳ್ಳೇದು ಅನ್ನೋ ನಂಬಿಕೆ ಸ್ಕಾಟ್ಲೆಂಡಿನ ಚಳಿಗೆ ಸರಿ, ನಮ್ಮೂರಿಗೆ ಹೊಂದಲ್ಲ. ಇದು ನನ್ನ ಅಭಿಪ್ರಾಯ, ಶೋಕಿ ಮಾಡೋರು ಒಪ್ಪಲ್ಲ.

ವೋಡ್ಕಾ ಅಂದ್ರೆ ಹೆಚ್ಚುಕಮ್ಮಿ ಅದೇ ನ್ಯೂಟ್ರಲ್ ಆಲ್ಕೋಹಾಲು, ಇದ್ದಿಲಿನ ಫಿಲ್ಟರ್ ಹಾಯಿಸಿ ನೀರು ಬೆರೆಸಿದ್ದು, ಬಣ್ಣ ಎಸೆನ್ಸ್ ಇಲ್ಲ. "ವೋಡ್ಕಾ ಕುಡಿದ್ರೆ ವಾಸನೆ ಬರಲ್ಲ, ಪೊಲೀಸ್‌ಗೆ ಗೊತ್ತಾಗಲ್ಲ" ಅನ್ನೋದು ಸುಳ್ಳು, ಊದೋ ಮಿಷಿನ್ನು ಶ್ವಾಸಕೋಶದಿಂದ ಬರೋ ಆಲ್ಕೋಹಾಲು ಅಳೆಯತ್ತೆ, ಬ್ರಾಂಡಿನ ವಾಸನೇನ ಅಲ್ಲ. ಜಿನ್ ಅಂದ್ರೆ ಅದಕ್ಕೆ ಜುನಿಪರ್ ಕಾಯಿ, ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆ ಇತ್ಯಾದಿ ಮಸಾಲೆ ಸೇರಿಸಿ ಘಮ ಹಿಡಿದಿದ್ದು. ಟಕೀಲಾ ಮೆಕ್ಸಿಕೋದ್ದು, ಕಳ್ಳಿ ಗಿಡದ್ದು ಅಂತಾರೆ, ಅಲ್ಲ, ನಮ್ಮ ಹೊಲದ ಬೇಲಿ, ರೈಲ್ವೇ ಹಳಿ ಪಕ್ಕ ಬೆಳೆಯೋ ಕತ್ತಾಳೆ ಜಾತಿಯ ನೀಲಿ ಅಗಾವೆ ಗಿಡದ ಗಡ್ಡೆ ಬೇಯಿಸಿ ಮಾಡೋದು. ಲಿಕ್ಯೂರ್ ಅಂದ್ರೆ ಸ್ಪಿರಿಟ್ಟಿಗೆ ಸಕ್ಕರೆ, ಕಾಫಿ, ಕ್ರೀಮ್ ಅಂತ ಸಿಹಿ ಸೇರಿಸಿದ್ದು, ಚಾಕಲೇಟ್ ಥರ ಇದೆ ಅಂತ ಗಟಗಟ ಕುಡಿಯೋರು ಹುಷಾರು.

ಮೈದುನನ ಫೆನಿ ಒಳ್ಳೇ ಸರಕು, ಅದರಲ್ಲಿ ಅನುಮಾನ ಇಲ್ಲ. ಗೇರು ಹಣ್ಣು ತುಳಿದು ರಸ ತೆಗೆದು, ಹೊರಗಿಂದ ಯೀಸ್ಟ್ ಹಾಕ್ದೇ ತಾನೇ ಹುದುಗೋಕೆ ಬಿಟ್ಟು ಭಟ್ಟಿ ಇಳಿಸ್ತಾರೆ. ಮೊದಲ ಸಲ ಇಳಿದಿದ್ದು ಉರ್ರಾಕ್, ಬೇಸಿಗೇಲಿ ಮಾತ್ರ ಸಿಗತ್ತೆ, ಖಾರ ಕಮ್ಮಿ. ಅದನ್ನ ಹೊಸ ರಸದ ಜತೆ ಸೇರಿಸಿ ಮತ್ತೆ ಇಳಿಸಿದ್ರೆ ಫೆನಿ, ಆ ವಾಸನೆ ಮನೆ ತುಂಬತ್ತೆ. 2009ರಲ್ಲೇ ಗೋವಾದ ಗೇರು ಫೆನಿಗೆ ಜಿಐ ಸಿಕ್ಕಿದೆ. ಎಸೆನ್ಸಿಲ್ಲ, ಕ್ಯಾರಮೆಲ್ಲಿಲ್ಲ, ಆ ಅರ್ಥದಲ್ಲಿ ನ್ಯಾಚುರಲ್ಲೇ, ನನಗೂ ಅದರ ಮೇಲೆ ಗೌರವ. ಆದ್ರೆ 40%ಗಿಂತ ಮೇಲೆ ಆಲ್ಕೋಹಾಲು ಅದರಲ್ಲೂ ಇದೆ, ಲಿವರು ಇದು ಗೇರು ಹಣ್ಣಿಂದು, ಇದು ಮಂಡ್ಯ ಕಬ್ಬಿಂದು ಅಂತ ಕೇಳಿ ಒಳಗೆ ಬಿಟ್ಕೊಳ್ಳಲ್ಲ. ಆಲ್ಕೋಹಾಲ್ ಪಾನೀಯಗಳು ಕ್ಯಾನ್ಸರ್ ತರ್ತಾವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1988ರಲ್ಲೇ ಪಟ್ಟಿ ಮಾಡಿದೆ, ಅದರಲ್ಲಿ ಬೀರಿಗೂ ರಿಯಾಯ್ತಿ ಇಲ್ಲ, ವೈನಿಗೂ ಇಲ್ಲ.

ಮೈದುನನಿಗೆ ಇನ್ನೊಂದು ಮಾತು. ಸೀಲ್ ಇರೋ ಬಾಟ್ಲಿ ಆದ್ರೆ ಸರಿ, ಯಾರೋ ಕ್ಯಾನಲ್ಲಿ ಕೊಟ್ಟ "ನಾಟಿ ಮಾಲು" ಆದ್ರೆ ಮುಟ್ಟಬೇಡ ಅನ್ನಿ. ಕಳ್ಳಬಟ್ಟಿ ಕುಡಿದು ಜನ ಸಾಯೋದು ಭಟ್ಟಿ ಇಳಿಸಿದ್ದಕ್ಕಲ್ಲ, ಕಿಕ್ಕು ಜಾಸ್ತಿ ಆಗ್ಲಿ, ಖರ್ಚು ಕಮ್ಮಿ ಆಗ್ಲಿ ಅಂತ ಮೆಥನಾಲ್ ಅನ್ನೋ ಫ್ಯಾಕ್ಟರಿ ಬಳಕೆಯ ವಿಷದ ಆಲ್ಕೋಹಾಲು ಸೇರಿಸೋದಕ್ಕೆ. ನೋಡೋಕೆ, ಕುಡಿಯೋಕೆ ಅದೂ ಮಾಮೂಲಿ ಆಲ್ಕೋಹಾಲೂ ಒಂದೇ ಥರ. ಮೆಥನಾಲು ಮೈಯೊಳಗೆ ಫಾರ್ಮಿಕ್ ಆಸಿಡ್ ಆಗತ್ತೆ, ಅರ್ಧ ದಿನ ಬಿಟ್ಟು ಕಣ್ಣು ಮಂಜಾಗತ್ತೆ, ಆಮೇಲೆ ಕಣ್ಣೂ ಹೋಗ್ಬೋದು, ಜೀವಾನೂ ಹೋಗ್ಬೋದು. 1981ರ ಜುಲೈಲಿ ಬೆಂಗಳೂರಲ್ಲಿ 300ಕ್ಕಿಂತ ಹೆಚ್ಚು ಜನ ಹಿಂಗೇ ಸತ್ರು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸ್ತು, ಮುಂದಿನ ವರ್ಷಾನೇ, 2008ರ ಮೇನಲ್ಲಿ, ಬೆಂಗಳೂರು ಕೋಲಾರದ ಕಡೆ, ಗಡಿಯಾಚೆ ತಮಿಳುನಾಡಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. ಕುಡಿದ ಮಾರನೇ ದಿನ ಯಾರಿಗಾದ್ರೂ ಕಣ್ಣು ಮಂಜಾಗ್ತಿದೆ, ಉಸಿರಾಟ ಜೋರಾಗಿದೆ ಅಂದ್ರೆ ಹ್ಯಾಂಗೋವರ್ ಅಂತ ಮಲಗಿಸ್ಬೇಡಿ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ, ಬೇಗ ಹೋದ್ರೆ ಮದ್ದಿದೆ.

ಮತ್ತೆ ನಿಮ್ಮನೆಯವ್ರ ವಿಷ್ಯಕ್ಕೇ ಬರ್ತೀನಿ. ಜಗಳ ಬೇಡ, ಮೇಲಿನ ಲೆಕ್ಕಾನ ಒಂದು ಚೀಟೀಲಿ ಬರೆದು ತೋರ್ಸಿ, ಹೆಂಡ್ತಿ ಬೈಗುಳಕ್ಕಿಂತ ಗುಣಾಕಾರ ಭಾಗಾಕಾರ ಜಾಸ್ತಿ ನಾಟತ್ತೆ ಅಂತ ನನ್ನ ಅನುಭವ. ಸ್ಟ್ರಾಂಗ್ ಬಿಟ್ಟು 5% ಒಳಗಿನ ಮೈಲ್ಡ್ ತಗೊಂಡ್ರೆ ಅದೇ ಬಾಟ್ಲೀಲಿ ಮೂರನೇ ಒಂದು ಭಾಗದ ಹತ್ರ ಕಮ್ಮಿ ಆಗತ್ತೆ, ಎರಡರ ಬದಲು ಒಂದಾದ್ರೆ ಇನ್ನೂ ಅರ್ಧ. ಆದ್ರೆ ಒಂದು ಎಚ್ಚರಿಕೆ. ವರ್ಷಗಟ್ಲೆ ದಿನಾ ಇಷ್ಟು ಕುಡಿಯೋರು ಒಂದೇ ಸಲಕ್ಕೆ ಕಟ್ ಮಾಡಿದ್ರೆ ಕೈ ನಡುಕ, ಬೆವರು, ನಿದ್ದೆ ಇಲ್ದೇ ಇರೋದು, ಕೆಲವರಿಗೆ ಫಿಟ್ಸೂ ಬರತ್ತೆ, ಹಾಗಾಗಿ ಬೆಳಗ್ಗೆ ಎದ್ದಾಗ ಕೈ ನಡುಗ್ತಿದ್ರೆ ತಾವೇ ನಿಲ್ಸೋಕೆ ಹೋಗ್ದೇ ಡಾಕ್ಟರ್ ಹತ್ರ ಹೋಗ್ಬೇಕು. ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೆ ಅಂತಲೇ ವಿಭಾಗ ಇದೆ, ಅಷ್ಟು ದೂರ ಬೇಡ ಅಂದ್ರೆ ನಿಮ್ಮ ಜಿಲ್ಲಾಸ್ಪತ್ರೆ ಮಾನಸಿಕ ವಿಭಾಗ ಸಾಕು, ಫೋನಲ್ಲಿ ಮಾತಾಡ್ಬೇಕು ಅಂದ್ರೆ ಸರ್ಕಾರದ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಪ್ಲಮ್ ಕೇಕು: ಒಣದ್ರಾಕ್ಷಿ, ಚೆರ್ರಿ ಎಲ್ಲಾನೂ ರಮ್ಮಲ್ಲಿ ವಾರಗಟ್ಲೆ ನೆನೆಸಿ ಹಾಕೋದು ನಿಜ. ಓವನ್ನಲ್ಲಿ ಆಲ್ಕೋಹಾಲೆಲ್ಲ ಆವಿಯಾಗಿ ಹೋಗತ್ತೆ ಅಂತಾರೆ, ಪೂರ್ತಿ ಹೋಗಲ್ಲ, ಒಂದು ಗಂಟೆ ಬೇಯಿಸಿದ್ರೂ ಕಾಲು ಭಾಗ ಉಳಿಯತ್ತೆ, ಆದ್ರೆ ಒಂದು ಪೀಸಿಗೆ ಬರೋದು ತೀರಾ ಕಮ್ಮಿ, ನಿಮಗೆ ನಶೆ ಏನೂ ಆಗಲ್ಲ. ಕೆಲವರು ಬೇಯಿಸಿದ ಮೇಲೂ ವಾರಕ್ಕೊಂದ್ಸಲ ಕೇಕಿನ ಮೇಲೆ ರಮ್ ಸವರಿ ಇಡ್ತಾರೆ, ಅದು ಬೇಯಲ್ವಲ್ಲ, ಹೆಚ್ಚಿನಂಶ ಹಂಗೇ ಇರತ್ತೆ. ಬಸುರಿ ಇದ್ರೆ, ಚಿಕ್ಕ ಮಕ್ಕಳಿಗೆ ಕೊಡೋದಿದ್ರೆ, ಅಥವಾ ವ್ರತ ನೇಮ ಅಂತ ಇದ್ರೆ ಬೇಕರೀಲಿ ಕೇಳಿ, ಆರೆಂಜ್ ಜ್ಯೂಸಲ್ಲಿ ನೆನೆಸಿ ಮಾಡಿದ್ದೂ ಸಿಗತ್ತೆ.